ಇಳಿಜಾರು ಇದ್ದವರಿಗೆ ಬ್ಯಾಟರಿ ಏಕೆ?

ಗೌರಿ ಹಬ್ಬಕ್ಕೆ ತೀರ್ಥಹಳ್ಳಿಗೆ ಹೋದಾಗ ಕಾರು ಅಂಗಳದಲ್ಲಿರಲಿಲ್ಲ. ತೋಟದ ದಾರಿಯ ಏರಿನ ಮೇಲೆ, ಮೂತಿ ಕೆಳಗೆ ಮಾಡಿ, ಮುಂದಿನ ಗಾಲಿಗೆ ಕಲ್ಲು ಕೊಟ್ಟು ನಿಂತಿತ್ತು. ಕೇಳಿದರೆ ಅಪ್ಪಯ್ಯ, "ಬ್ಯಾಟರಿ ಸ್ವಲ್ಪ ಸುಸ್ತು. ಮಳೆಗಾಲ ಮುಗೀಲಿ ತಡಿ" ಎಂದರು. ಆ ಬ್ಯಾಟರಿಗೆ ಐದು ವರ್ಷ ತುಂಬಿತ್ತು.

ನಾನಿರುವುದು ದುಬೈ. ಅಲ್ಲಿ ಎರಡು ಬೇಸಿಗೆ ದಾಟಿದ ಬ್ಯಾಟರಿಯನ್ನು ನಾನು ನಂಬುವುದಿಲ್ಲ. ಸರ್ವಿಸಿಗೆ ಬಿಟ್ಟಾಗಲೆಲ್ಲ ಹುಡುಗ ಮೀಟರ್ ಕಚ್ಚಿಸಿ ಚೀಟಿ ಕೊಡುತ್ತಾನೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ನಾನು ಮರುಮಾತಿಲ್ಲದೆ ಹೊಸದು ಹಾಕಿಸುತ್ತೇನೆ. ಕೈಕೊಡುವ ಮೊದಲೇ ಬದಲಿಸಬೇಕು, ಅಷ್ಟೇ. ಊರಲ್ಲಿ ಹೀಗಂದರೆ ದುಡ್ಡಿನ ಸೊಕ್ಕು ಅಂತಾರೆ.

ಹಬ್ಬದ ಮರುದಿನ ಹೊಸನಗರದ ಅತ್ತೆ ಮನೆಗೆ ಹೋದೆವು. ಅವರ ಅಂಗಳ ಕೇರಂ ಬೋರ್ಡಿನಷ್ಟು ಮಟ್ಟಸ, ನಮ್ಮ ಏರಿನ ಹಾಗೆ ಉರುಳಿಸಿ ಎಬ್ಬಿಸುವಂತಿಲ್ಲ. ಹೊರಡುವಾಗ ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್. ಡ್ಯಾಶ್‌ಬೋರ್ಡಿನ ದೀಪ ಮಂಕಾಯಿತು. ಧೋ ಮಳೆ. ಭಾವ ಪಂಚೆ ಎತ್ತಿ ಕಟ್ಟಿದ, ಅತ್ತೆ ಮಗಳು ಹೊಸ ಸೀರೆಯಲ್ಲೇ ಇಳಿದಳು, ನಾನು ಬಿಳಿ ಶೂಗಳ ಸಮೇತ ಕೆಸರಿಗೆ. ಅಪ್ಪಯ್ಯ ಒಳಗೆ ಸೆಕೆಂಡ್ ಗೇರಿನಲ್ಲಿ ಕ್ಲಚ್ ಒತ್ತಿ ಕೂತು, "ಹ್ಞೂಂ, ತಳ್ರೋ!" ಎಷ್ಟು ಖುಷಿ ಅವರಿಗೆ! ಕಾರು ಹೊಗೆಯುಗುಳಿ ಎದ್ದಾಗ ಭಾವ ನನ್ನ ಬೆನ್ನು ತಟ್ಟಿ, "ದುಬೈಲಿ ಇದೆಲ್ಲ ಸಿಗುತ್ತಾ ಮಾರಾಯ?" ಎಂದ. ಸಿಗುವುದಿಲ್ಲ. ಅದಕ್ಕೇ ಅಲ್ಲವಾ ಸಿಟ್ಟು ಬಂದದ್ದು. ನಡುರಾತ್ರಿ ಯಾರಿಗಾದರೂ ಎದೆನೋವು ಬಂದು ಶಿವಮೊಗ್ಗಕ್ಕೆ ಓಡಬೇಕಾದರೆ ತಳ್ಳುವವರನ್ನು ಎಲ್ಲಿಂದ ತರುವುದು?

ಮರುದಿನ ಹಟ ಮಾಡಿ ಪೇಟೆಯ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ಅವರು ಮೀಟರ್ ಮುಟ್ಟಲಿಲ್ಲ. ಟರ್ಮಿನಲ್ ಮೇಲೆ ಹಸಿರುಗಟ್ಟಿದ್ದನ್ನು ಸೋಡಾ ನೀರಿನಲ್ಲಿ ತೊಳೆದು, ಎಮರಿ ಕಾಗದದಲ್ಲಿ ಉಜ್ಜಿ, ವ್ಯಾಸಲಿನ್ ಸವರಿದರು. ಚಾರ್ಜಿಗೆ ಹಾಕಿ ಸಂಜೆ ಬನ್ನಿ ಅಂದರು. ಸಂಜೆ ಆರು ಮುಚ್ಚಳ ಬಿಚ್ಚಿ, ಆಸಿಡ್ ಎಷ್ಟು ಗಟ್ಟಿ ಎಂದು ಅಳೆಯುವ ಹೈಡ್ರೋಮೀಟರಿನಿಂದ ಒಂದೊಂದೇ ಮನೆಯ, ಅಂದರೆ ಸೆಲ್ಲಿನ, ಆಸಿಡ್ ಎಳೆದರು. ಐದರಲ್ಲಿ ತೇಲುಗಡ್ಡಿ ಮೇಲೆದ್ದಿತು, ಮೂರನೆಯದರಲ್ಲಿ ತಳ ಹಿಡಿಯಿತು. "ಈ ಮನೆ ಹೋಗಿದೆ. ಇನ್ನು ಚಾರ್ಜ್ ಮಾಡಿ ಪ್ರಯೋಜನ ಇಲ್ಲ." ಅಪ್ಪಯ್ಯ ತಕ್ಷಣ ಒಪ್ಪಿದರು. ನಾನು ಎರಡು ದಿನ ಕೂಗಿದ್ದಕ್ಕೆ ಒಪ್ಪದವರು!

"ನಿಮ್ಮಲ್ಲಿ ಎಷ್ಟು ವರ್ಷ ಬರುತ್ತೆ?" ಎಲೆಕ್ಟ್ರಿಷಿಯನ್ನೇ ಕೇಳಿದರು. ಎರಡು ಅಂದೆ. "ಸೆಕೆ ತಿನ್ನುತ್ತೆ ಅದನ್ನ. ಇಲ್ಲಿ ತಂಪಲ್ವಾ" ಎಂದು ನಕ್ಕರು. ಹೌದು, ಅಲ್ಲಿನ ಲೆಕ್ಕ ಇಲ್ಲಿಗೆ ತಂದದ್ದು ನನ್ನದೇ ತಪ್ಪು. ಚೀಟಿ ನೋಡಿ ನಾನು ಎಸೆದ ಬ್ಯಾಟರಿಗಳಲ್ಲಿ ಟರ್ಮಿನಲ್ ಉಜ್ಜಿದ್ದರೆ ಸಾಕಾಗುತ್ತಿದ್ದವು ಎಷ್ಟೋ. ಆದರೂ ನಾನು ಚೀಟಿಯನ್ನೇ ನಂಬುತ್ತೇನೆ. ನನ್ನದು ಆಟೊಮ್ಯಾಟಿಕ್ ಕಾರು, ತಳ್ಳಿದರೆ ಏಳುವ ಜಾತಿಯಲ್ಲ; ಎದ್ದರೂ, ಆ ಬೇಸ್‌ಮೆಂಟಿನಲ್ಲಿ ಹೆಸರು ಹಿಡಿದು ಕರೆಯುವಷ್ಟು ಪರಿಚಯ ನನಗೆ ಯಾರದೂ ಇಲ್ಲ.