ಸುಮ್ಮನಿರುವುದೇ ಸಮಾಧಾನವಾ?

ಬೆಳಗ್ಗೆ ಚರ್ಚಿನಲ್ಲಿ ಆರಾಧನೆ ಮುಗಿಸಿ ಬಂದಾಗಿನಿಂದ ಮನಸ್ಸು ಕುದಿಯುತ್ತಿದೆ.

ಸಮಾಧಾನ ಹಂಚಿಕೊಳ್ಳುವ ಹೊತ್ತು. ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದು "ದೇವರ ಸಮಾಧಾನ ನಿಮ್ಮ ಸಂಗಡ ಇರಲಿ" ಅನ್ನುತ್ತಿದ್ದರು. ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ಅಕ್ಕಂದಿರು. ಎಷ್ಟೋ ವರ್ಷ ಒಂದೇ ಪುಸ್ತಕ ಹಿಡಿದು ಗಾಯನವೃಂದದಲ್ಲಿ ಹಾಡಿದವರು. ಒಬ್ಬರು ಇನ್ನೊಬ್ಬರಿಗೆ ಕೈ ಕೊಡಬೇಕು ಅನ್ನುವಾಗ ಬ್ಯಾಗಿನ ಜಿಪ್ ಎಳೆದರು. ಒಳಗಿಂದ ಏನೂ ತೆಗೆಯಲಿಲ್ಲ. ಎಲ್ಲರೂ ಕೂರುವವರೆಗೆ ಅದನ್ನೇ ನೋಡುತ್ತಿದ್ದು, ಮತ್ತೆ ಜಿಪ್ ಹಾಕಿದರು.

ವೃಂದವನ್ನು ಯಾರು ನಡೆಸಬೇಕು ಅಂತ ಆರು ತಿಂಗಳ ಹಿಂದೆ ಮಾತಿಗೆ ಮಾತು ಬೆಳೆದದ್ದು. ಹೊರಗೆ ಬಂದ ಮೇಲೆ ಹಿರಿಯರೊಬ್ಬರ ಹತ್ತಿರ ಈ ವಿಷಯ ಎತ್ತಿದೆ. "ಈಗ ಎಲ್ಲ ತಣ್ಣಗಿದೆ, ಸುಮ್ನೆ ಕೆದಕಬೇಡಿ" ಅಂದರು.

ತಣ್ಣಗಿದೆಯಾ? ಹೆಪ್ಪುಗಟ್ಟಿದೆ!

"ಸಮಾಧಾನಪಡಿಸುವವರು ಧನ್ಯರು" ಅಂತ ಬೈಬಲಿನ ಮತ್ತಾಯ 5:9ರಲ್ಲಿದೆ. ಜಗಳ ಕಂಡು ಜಾಗ ಖಾಲಿ ಮಾಡುವವರು ಧನ್ಯರು ಅಂತ ಇಲ್ಲ. ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಯೇಸು ಹೇಳುವುದನ್ನು ನೋಡಿ. ಕಾಣಿಕೆ ತಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಒಂದಾಗು. ನಿನಗೆ ಅವನ ಮೇಲೆ ಬೇಸರ ಇದ್ದರೆ ಅಂತಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ! ಈ ಮಾತು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಹಲವು ದಿನಗಳ ಕಾಲ್ನಡಿಗೆ. ಅಷ್ಟು ದೂರ ಹೋದವನಿಗೆ ವಾಪಸ್ ಹೋಗು ಅಂದರು. ನಮಗೆ ಪಕ್ಕದ ಕುರ್ಚಿಯವರೆಗೆ ಕೈ ಚಾಚುವುದೂ ದೂರ ಆಯಿತು.

"ಶಾಂತಿಯನ್ನಲ್ಲ, ಖಡ್ಗವನ್ನು ತಂದೆ ಅಂತಲೂ ಯೇಸುವೇ ಹೇಳಿದ್ದಾರಲ್ವಾ" ಅಂತ ಒಬ್ಬ ಗೆಳೆಯ ಆಗಲೇ ಮೆಸೇಜ್ ಹಾಕಿದ್ದಾನೆ. ಹೇಳಿದ್ದಾರೆ, ಮತ್ತಾಯ 10ರಲ್ಲಿ. ತನ್ನನ್ನು ಹಿಂಬಾಲಿಸಿದ್ದಕ್ಕೆ ಮನೆಯವರೇ ತಿರುಗಿ ಬೀಳುತ್ತಾರೆ ಅನ್ನುವ ಮಾತು ಅದು. ಹಾಡು ಯಾರು ನಡೆಸಬೇಕು ಅನ್ನುವ ಜಗಳಕ್ಕೆ ಅದನ್ನು ಎಳೆದು ತರಬೇಡಿ.

ಇನ್ನೊಂದು ಮಾತು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ "ಸಮಾಧಾನವಾಗಿರಮ್ಮಾ" ಅಂತ ಹೇಳಿ ಕಳಿಸುವುದು ಸಮಾಧಾನಪಡಿಸುವುದಲ್ಲ. ಗಾಯವನ್ನು ಮೇಲೆ ಮೇಲೆ ವಾಸಿ ಮಾಡಿ, ಸಮಾಧಾನ ಇಲ್ಲದಾಗಲೂ ಇದೆ ಇದೆ ಅನ್ನುವವರ ಮೇಲೆ ಪ್ರವಾದಿ ಯೆರೆಮೀಯನಿಗೂ ಸಿಟ್ಟಿತ್ತು. ಅವಳಿಗೆ ಮೊದಲು ಬೇಕಾಗಿರುವುದು ರಕ್ಷಣೆ.

ಆದರೆ ನಮ್ಮ ಇಬ್ಬರು ಅಕ್ಕಂದಿರದ್ದು ಅಂಥದ್ದಲ್ಲ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದಲ್ಲಿ ಇಂಥದ್ದೇ ಇಬ್ಬರು ಹೆಂಗಸರಿದ್ದಾರೆ, ಯುವೊದ್ಯ ಮತ್ತು ಸಂತುಕೆ. ಇಬ್ಬರೂ ಸುವಾರ್ತೆಗಾಗಿ ಅವನ ಜೊತೆ ದುಡಿದವರು. ಒಂದೇ ಮನಸ್ಸಾಗಿರಿ ಅಂತ ಇಬ್ಬರನ್ನೂ ಹೆಸರು ಹಿಡಿದೇ ಬೇಡಿಕೊಳ್ಳುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ. ಅಲ್ಲೇ ಇದ್ದ ಇನ್ನೊಬ್ಬ ಜೊತೆಗಾರನಿಗೆ, ನೀನು ಇವರಿಗೆ ಸಹಾಯ ಮಾಡು ಅನ್ನುತ್ತಾನೆ.

ಆ ವಚನ ಮಧ್ಯಾಹ್ನ ಮತ್ತೆ ಓದಿದೆ. ಆಮೇಲೆ ಹಿರಿಯರ ಮೇಲಿನ ಸಿಟ್ಟು ನನ್ನ ಕಡೆಗೇ ತಿರುಗಿತು. ಯಾಕಂದ್ರೆ ಈ ಆರು ತಿಂಗಳು ಇಬ್ಬರೂ ನನಗೆ ಫೋನ್ ಮಾಡಿದ್ದಾರೆ, ಬೇರೆ ಬೇರೆಯಾಗಿ. ಒಬ್ಬರಿಗೆ "ಹೌದಕ್ಕಾ, ಅವರದ್ದು ಜಾಸ್ತಿ ಆಯಿತು" ಅಂದೆ. ಇನ್ನೊಬ್ಬರಿಗೂ ಅದನ್ನೇ ಅಂದೆ. ಇಬ್ಬರೂ ನನ್ನನ್ನು ನಂಬುತ್ತಾರೆ ಅನ್ನುವುದು ನನಗೆ ಹಿತವಾಗಿತ್ತು. ಆ ಬೆಂಕಿಗೆ ನಾನೇ ಸೌದೆ ಹಾಕುತ್ತಿದ್ದೆ.

ಇವತ್ತು ಸಂಜೆ ಮೊದಲನೆಯವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ, "ಅವಳು ಅತ್ತಳಾ?"

ಹೌದು ಅಂದೆ. ನಾಳೆ ಇನ್ನೊಬ್ಬರ ಮನೆಗೆ ಹೋಗುತ್ತಿದ್ದೇನೆ.