ಕೆಂಪನಿಗೆ ಇನ್ನೂ ಟೈಮಿದೆ

ಇಲಿ ನಮ್ಮ ಕೆಂಪನ ಮುಂಗಾಲಿನ ಮೇಲೆ ಹತ್ತಿ ಇಳಿದು ಹೋಯಿತು. ನಾನು ನೋಡಿದೆ. ಪಕ್ಕದ ತೋಟದ ಅಜ್ಜ ನೋಡಿದರು. ಅಜ್ಜನ ಮುದಿ ನಾಯಿಯೂ ನೋಡಿತು. ಕೆಂಪ ಮಾತ್ರ ನೋಡಲಿಲ್ಲ. ಅವನು ಆಗ ನನ್ನ ಮುಖ ನೋಡುತ್ತಿದ್ದ, 'ಈಗ ಏನೋ ಹೋಯ್ತಲ್ಲ, ನಮ್ಮದಾ?' ಅನ್ನುವ ಹಾಗೆ.

ಕೆಂಪ ಜ್ಯಾಕ್ ರಸೆಲ್ ಟೆರಿಯರ್. ಮೈಯೆಲ್ಲ ಬಿಳಿ, ಎಡಗಿವಿಯಿಂದ ಕಣ್ಣಿನವರೆಗೆ ಕೆಂಚು ಮಚ್ಚೆ. ಸಾಗರದ ನಮ್ಮ ಮನೆ ಕೊಟ್ಟಿಗೆಯಲ್ಲಿದ್ದ ಎತ್ತಿನ ಹೆಸರನ್ನೇ ಇಟ್ಟೆ. ನಾವಿರುವುದು ಇಂಗ್ಲೆಂಡಿನ ಡೆವನ್‌ನಲ್ಲಿ. ಇಲ್ಲಿಯವರ ಬಾಯಲ್ಲಿ ಕೆಂಪ 'ಕ್ಯಾಂಪರ್' ಆದ. ಊರಿನ ಅರ್ಧ ಜನ ನಾನು ಮಲಗುವ ವ್ಯಾನ್ ಕೊಂಡಿದ್ದೇನೆ ಅಂತ ಇವತ್ತಿಗೂ ನಂಬಿದ್ದಾರೆ.

ಅವನನ್ನು ತಂದಿದ್ದು ಮುದ್ದಿಗಲ್ಲ, ಕೆಲಸಕ್ಕೆ. ಬೇಲಿಯಾಚೆ ಅಜ್ಜನ ಕೋಳಿ ಶೆಡ್ಡು. ಕೋಳಿಗೆ ಹಾಕಿದ ಕಾಳು ತಿನ್ನಲು ಇಲಿ ಬರುತ್ತವೆ, ಊಟ ಮುಗಿಸಿ ನಮ್ಮ ಹಿತ್ತಲಿಗೆ ವಿಶ್ರಾಂತಿಗೆ ಬರುತ್ತವೆ. ಒಂದು ದಿನ ಇವಳು ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದವಳು ಬ್ಯಾಗನ್ನೂ ಇಳಿಸದೆ, "ರೀ, ಇಲ್ಲಿ ಇಲಿ ಇರಬೇಕು, ಇಲ್ಲ ನಾನಿರಬೇಕು" ಅಂದಳು. ಯೋಚನೆ ಮಾಡಲು ಟೈಮ್ ಕೊಡಲಿಲ್ಲ.

ಅಮ್ಮನಿಗೆ ಫೋನಲ್ಲಿ ಹೇಳಿದೆ. "ಇಲಿಗೆ ಯಾರಾದ್ರೂ ನಾಯಿ ಸಾಕ್ತಾರೇನೋ ಮಾಣಿ? ಬೆಕ್ಕು ತಗೊಂಡು ಬಾ" ಅಂದರು. ನಾನು ಅಮ್ಮನಿಗೆ ಟೆರಿಯರ್ ಪುರಾಣವನ್ನೇ ಬಿಚ್ಚಿದೆ. ಲ್ಯಾಟಿನ್‌ನಲ್ಲಿ 'ಟೆರ್ರಾ' ಅಂದರೆ ಭೂಮಿ, ಬಿಲಕ್ಕೆ ನುಗ್ಗುವ ನಾಯಿಗೆ ಅದರಿಂದಲೇ ಈ ಹೆಸರು. ನಮ್ಮ ಪಕ್ಕದ ಸ್ವಿಂಬ್ರಿಜ್ ಊರಿನಲ್ಲಿ ಹಿಂದೆ ಜಾನ್ ರಸೆಲ್ ಅಂತ ಒಬ್ಬ ಪಾದ್ರಿ ಇದ್ದ. ಬೇಟೆಯ ಹುಚ್ಚು. 1819ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದುವಾಗಲೇ ಒಬ್ಬ ಹಾಲಿನವನಿಂದ ಬಿಳಿ ಹೆಣ್ಣುನಾಯಿ ಕೊಂಡ. ಈ ಜಾತಿಯೆಲ್ಲ ಶುರುವಾಗಿದ್ದು ಅಲ್ಲಿಂದ. ನಾಯಿಯ ಹೆಸರು ಟ್ರಂಪ್. ನಾನು ಇಟ್ಟಿದ್ದಲ್ಲ. ಇನ್ನು 1823ರಲ್ಲಿ ಲಂಡನ್ನಿನಲ್ಲಿ ಬಿಲ್ಲಿ ಅನ್ನುವ ನಾಯಿ ಐದೂವರೆ ನಿಮಿಷದಲ್ಲಿ ನೂರು ಇಲಿ ಕೊಂದಿತ್ತು, ಜನ ದುಡ್ಡು ಕಟ್ಟಿ ನೋಡುತ್ತಿದ್ದರು.

ಅಮ್ಮ ಎಲ್ಲ ಕೇಳಿ, "ಪಾದ್ರಿ ಪೂಜೆ ಯಾವಾಗ ಮಾಡ್ತಿದ್ದ?" ಅಂದರು.

ಅಜ್ಜನೂ ಹಳೇ ಕಾಲದವರೇ. ಮೊದಲ ದಿನ ಅವರು ನನ್ನನ್ನು 'ಮೈ ಲವರ್' ಅಂತ ಕರೆದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಆಮೇಲೆ ಗೊತ್ತಾಯಿತು, ಈ ಕಡೆ ಅಂಚೆಯವನನ್ನೂ ಹಾಗೇ ಕರೆಯುತ್ತಾರೆ, ನಮ್ಮ 'ಮಾರಾಯ' ಇದ್ದ ಹಾಗೆ. ಕೆಂಪನನ್ನು ತೋರಿಸಲು ಕರೆದುಕೊಂಡು ಹೋದರೆ ಅಜ್ಜ ಅವನ ಹಲ್ಲನ್ನೂ ನೋಡಲಿಲ್ಲ, ಬಾಲವನ್ನೂ ನೋಡಲಿಲ್ಲ. ಹಿಂದಿನಿಂದ ಬಂದು ಎರಡೂ ಕೈಯಿಂದ ಅವನ ಎದೆಯನ್ನು, ಮುಂಗಾಲಿನ ಹಿಂಬದಿಗೆ ಸರಿಯಾಗಿ, ಕೊಡ ಹಿಡಿದ ಹಾಗೆ ಹಿಡಿದರು. ಒಂದು ಕಡೆ ಹೆಬ್ಬೆರಳು ಹೆಬ್ಬೆರಳಿಗೆ ತಾಗಿತು, ಇನ್ನೊಂದು ಕಡೆ ಬೆರಳ ತುದಿಗಳು ಕೂಡಿದವು. ಮೆಲ್ಲಗೆ ಎತ್ತಿ, ಎದೆಯನ್ನು ಒಮ್ಮೆ ಅದುಮಿ ಬಿಟ್ಟರು. ಕೆಂಪ ಗಾಳಿಯಲ್ಲಿ ನಾಲ್ಕೂ ಕಾಲು ಇಳಿಬಿಟ್ಟುಕೊಂಡು, ಇಂಜೆಕ್ಷನ್‌ಗೆ ಬಂದ ಮಗುವಿನ ಹಾಗೆ ನನ್ನ ಕಡೆ ನೋಡಿದ. ಕೈಯೊಳಗೆ ಹಿಡಿಸುವ ಎದೆ ಇದ್ದರೆ ಮಾತ್ರ ನಾಯಿ ಬಿಲದೊಳಗೆ ಹೋಗಿ ಸಿಕ್ಕಿಹಾಕಿಕೊಳ್ಳದೆ ಹೊರಗೆ ಬರುತ್ತದಂತೆ.

"ಎದೆ ಸರಿ ಇದೆ" ಅಂದರು ಅಜ್ಜ. "ಒಂದು ವರ್ಷ ತುಂಬುವವರೆಗೆ ಇಲಿ ಹತ್ತಿರ ಬಿಡಬೇಡ."

ನಾನು ಬಿಟ್ಟೆ. ಏಳೇ ತಿಂಗಳಿಗೆ. ಅದೂ ಅಜ್ಜನ ಶೆಡ್ಡಿಗೇ, ಅವರನ್ನೇ ಕಾಡಿ ಒಪ್ಪಿಸಿ. ಏನು ಮಾಡಲಿ, ಮೊಬೈಲಿನಲ್ಲಿ ಬರುವ ವಿಡಿಯೋಗಳಲ್ಲಿ ಎಲ್ಲರ ಮನೆ ಟೆರಿಯರೂ ಹುಟ್ಟುತ್ತಲೇ ಇಲಿ ಹಿಡಿಯುತ್ತವೆ. ಎಲ್‌ಕೆಜಿ ಮಗು ಎಷ್ಟು ಶ್ಲೋಕ ಹೇಳುತ್ತದೆ ಅಂತ ಪಕ್ಕದ ಮನೆಯ ಮಗುವಿಗೆ ಹೋಲಿಸಿ ಒದ್ದಾಡುವ ಅಪ್ಪಂದಿರನ್ನು ನೋಡಿ ನಗುತ್ತಿದ್ದವನು ನಾನು.

ಎಳೆ ನಾಯಿಯನ್ನು ಮೊದಲ ಸಲ ಬೇಟೆಗೆ ಇಳಿಸುವುದಕ್ಕೆ ಇಲ್ಲಿಯವರು 'ಎಂಟರ್' ಮಾಡಿಸುವುದು ಅನ್ನುತ್ತಾರೆ. ನಮ್ಮ ಕಡೆ ಯಕ್ಷಗಾನದ ಒಡ್ಡೋಲಗ ಇದ್ದ ಹಾಗೆ. ಜನವರಿ ತಿಂಗಳ ಚಳಿ, ಅಜ್ಜ ಶೆಡ್ಡಿನ ಮೂಲೆಯ ಮರದ ಹಲಗೆ ಎತ್ತಿದರು. ಚಂಡೆ ಬಾರಿಸಿದ್ದಾಯಿತು, ವೇಷ ಹೊರಗೆ ಬರಬೇಕು. ಮುದಿ ನಾಯಿ ಎರಡನ್ನು ಹಿಡಿದು, ಒಮ್ಮೆ ಕೊಡವಿ ಪಕ್ಕಕ್ಕೆ ಬಿಸಾಡಿತು. ಮೂರನೆಯದು ಕೆಂಪನ ಕಾಲು ಹತ್ತಿ ಹೋಯಿತು, ಅದನ್ನು ಆಗಲೇ ಹೇಳಿದೆ. ನಾಲ್ಕನೆಯದು ಮೂಲೆಗೆ ಸಿಕ್ಕಿಬಿತ್ತು. ಕೆಂಪ ಸ್ನೇಹಕ್ಕೆಂದು ಮೂಗು ಚಾಚಿದ. ಅದು ಮೇಲ್ದುಟಿಯನ್ನು ಕಚ್ಚಿ ಹಿಡಿದುಕೊಂಡಿತು.

ಆಮೇಲೆ ಕೇಳಿದ ಸದ್ದು ನಾಯಿಯದ್ದಲ್ಲ. ಪ್ರೆಶರ್ ಕುಕ್ಕರಿನದ್ದು.

ಡಾಕ್ಟರು ತುಟಿ ತೊಳೆದು ಔಷಧಿ ಕೊಟ್ಟರು. ಇಲಿಜ್ವರದ ಲಸಿಕೆ ಮೊದಲೇ ಹಾಕಿಸಿದ್ದೆವು, ಅದೊಂದು ಬುದ್ಧಿವಂತಿಕೆಯ ಕೆಲಸ ಮಾಡಿದ್ದೆ. ತುಟಿಯ ಗಾಯ ವಾರದಲ್ಲಿ ಮಾಯಿತು. ಒಳಗಿನದು ಮಾಯಲಿಲ್ಲ. ಕೆಂಪನಿಗೆ ಇಲಿಯ ಭಯ ಶುರುವಾಯಿತು ಅಂದರೆ ಸರಿಯಾಗಲಾರದು, ಭಯವೇ ಶುರುವಾಯಿತು. ಕೋಳಿಯ ಭಯ. ಕಸದ ಡಬ್ಬಿಯ ಭಯ. ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲದ ಭಯ. ಅಂಚೆಯವನ ಕೆಂಪು ವ್ಯಾನ್ ಬಂದರೆ ಸೋಫಾದ ಹಿಂದೆ. ಬಾತ್ರೂಮಿನಲ್ಲಿ ಇವಳು ಟವೆಲ್ ಕೊಡವಿದರೆ ನನ್ನ ಮೇಜಿನ ಕೆಳಗೆ. ಆಫೀಸಿನ ಮೀಟಿಂಗ್ ನಡೆಯುವಾಗ ನನ್ನ ಕಾಲಿನ ಮಧ್ಯೆ ಒಂದು ನಡುಗುವ ಪ್ರಾಣಿ ಇರುತ್ತಿತ್ತು. ನನ್ನ ಸ್ಕ್ರೀನೂ ನಡುಗುತ್ತಿತ್ತು. ಮ್ಯಾನೇಜರ್ ಒಂದು ದಿನ ಕಾಳಜಿಯಿಂದ, ಆರೋಗ್ಯ ಹೇಗಿದೆ, ಒತ್ತಡ ಜಾಸ್ತಿ ಆಗಿದೆಯಾ ಅಂತ ಕೇಳಿದರು. ಹೌದು ಅಂದೆ. ಸುಳ್ಳೇನಲ್ಲ ಅಲ್ವಾ?

ಆದರೆ ಅಡುಗೆಮನೆಯಲ್ಲಿ ಅವನೇ ರಾಜ. ಗಾಜಿನ ಬಾಗಿಲಿನ ಈಚೆ ನಿಂತು ಆಚೆಯ ಪಾರಿವಾಳಕ್ಕೆ ಎಂಥ ಬೊಗಳಾಟ! ಬಾಗಿಲು ತೆರೆದರೆ ಗಪ್‌ಚಿಪ್. 'ಉತ್ತರನ ಪೌರುಷ ಒಲೆ ಮುಂದೆ' ಅಂತ ಇವಳು ಅವನಿಗೆ ಉತ್ತರಕುಮಾರ ಅಂತಲೇ ಹೆಸರಿಟ್ಟಳು. ಕರೆದರೆ ಆ ಹೆಸರಿಗೂ ಬರುತ್ತಾನೆ, ಕೈಯಲ್ಲಿ ಚಪಾತಿ ಇರಬೇಕು ಅಷ್ಟೇ.

ತಪ್ಪೊಪ್ಪಿಕೊಳ್ಳಲು ಅಜ್ಜನ ಹತ್ತಿರ ಹೋದೆ. ಬೈಯಲಿಲ್ಲ. ಅವನನ್ನು ಬೈಯಬೇಡ, ಜಾಸ್ತಿ ಮುದ್ದೂ ಮಾಡಬೇಡ, ಬೆನ್ನು ಸವರಿ ಸಮಾಧಾನ ಮಾಡುತ್ತಾ ಕೂತರೆ ನಿಜವಾಗಿಯೂ ಏನೋ ಆಗಿದೆ ಅಂದುಕೊಳ್ಳುತ್ತಾನೆ, ಸುಮ್ನೆ ದಿನಾ ನನ್ನ ಮುದುಕಿ ನಾಯಿಯ ಜೊತೆ ಓಡಾಡಲು ಬಿಡು ಅಂದರು. ಯಾವಾಗ ಸರಿ ಹೋಗುತ್ತಾನೆ ಅಂದರೆ, "ಡ್ರೆಕ್ಲಿ, ಮೈ ಲವರ್" ಅಂದರು.

ಡ್ರೆಕ್ಲಿ ಅನ್ನುವುದು 'ಡೈರೆಕ್ಟ್ಲಿ' ಅನ್ನುವುದರ ಹಳ್ಳಿ ರೂಪ. ಅರ್ಥ ಮಾತ್ರ ತದ್ವಿರುದ್ಧ. ಕೂಡಲೇ ಅಂತಲ್ಲ, ಯಾವತ್ತೋ ಒಂದು ದಿನ ಅಂತ. ನಾನು ಚಿಕ್ಕವನಿದ್ದಾಗ ದೆವ್ವ ಬಂದು ಕದ ತಟ್ಟುತ್ತದೆ ಅಂತ ಸುದ್ದಿ ಹಬ್ಬಿ ಊರೂರಿನ ಗೋಡೆಯ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಅದನ್ನು ಡೆವನ್‌ನಲ್ಲಿ ಬರೆಯುವುದಾಗಿದ್ದರೆ 'ಡ್ರೆಕ್ಲಿ' ಅಂತ ಬರೆಯುತ್ತಿದ್ದರು.

ಅಮ್ಮನ ಚಿಕಿತ್ಸೆ ಬೇರೆ. "ಬಜೆ ತೇಯ್ದು ನೆಕ್ಸು. ನಿಂಗೆ ಮೂರು ವರ್ಷ ಆದ್ರೂ ಮಾತು ಬಂದಿರ್ಲಿಲ್ಲ. ಬಜೆ ತಿಂದ ಮೇಲೆ ನಿಲ್ಲಿಸ್ಲೇ ಇಲ್ಲ."

ಹಾಗೆ ಫೆಬ್ರವರಿ ಹೋಯಿತು, ಬೇಸಿಗೆ ಬಂತು. ದಿನಾ ಬೆಳಿಗ್ಗೆ ಬೇಲಿ ಪಕ್ಕ ಎರಡು ನಾಯಿ, ಇಬ್ಬರು ಗಂಡಸರು. ಮುದುಕಿ ಮೊಲದ ಬಿಲದೊಳಗೆ ಮೂಗಿಟ್ಟರೆ ಕೆಂಪ ಮುದುಕಿಯ ಬಾಲಕ್ಕೆ ಮೂಗಿಡುತ್ತಿದ್ದ. ನರಿ, ಜಿಂಕೆ, ಹೇರ್ ಮೊಲ ಇವನ್ನೆಲ್ಲ ನಾಯಿ ಬಿಟ್ಟು ಬೇಟೆಯಾಡುವುದನ್ನು 2005ರ ಫೆಬ್ರವರಿಯಿಂದ ಇಲ್ಲಿ ಕಾನೂನೇ ನಿಲ್ಲಿಸಿದೆ. ಇಲಿಗೂ ಬಿಲದ ಮೊಲಕ್ಕೂ ಆ ರಕ್ಷಣೆ ಸಿಗಲಿಲ್ಲ. ನಮ್ಮ ಹಿತ್ತಲಿನ ಇಲಿಗಳಿಗೆ ಕೆಂಪನೇ ಕಾನೂನಾಗಿ ನಿಂತಿದ್ದ.

ಜೂನ್‌ನಲ್ಲಿ ಅವನಿಗೆ ವರ್ಷ ತುಂಬಿತು. ನಾನು ಬೆಳಿಗ್ಗೆ ಎದ್ದು ಅವನ ಮುಖದಲ್ಲಿ ಏನಾದರೂ ಬದಲಾವಣೆ ಇದೆಯಾ ಅಂತ ನೋಡಿದೆ. ಕಣ್ಣಲ್ಲಿ ಗೀಜು ಇತ್ತು.

ಸೆಪ್ಟೆಂಬರ್ ಬಂತು, ಚೌತಿ ಬಂತು. ನಮ್ಮ ಕಡೆ ಚೌತಿ ಅಂದರೆ ಚಕ್ಕುಲಿ, ಚಕ್ಕುಲಿ ಅಂದರೆ ಅಕ್ಕಿ. ಬ್ರಿಸ್ಟಲ್‌ನಿಂದ ತಂದಿದ್ದ ಇಪ್ಪತ್ತು ಕಿಲೋ ಸೋನಾ ಮಸೂರಿ ಮೂಟೆ ಹಿತ್ತಲಿನ ಶೆಡ್ಡಿನಲ್ಲಿತ್ತು. ಎರಡು ದಿನದಿಂದ ಕೆಂಪ ಆ ಶೆಡ್ಡಿನ ಬಾಗಿಲ ಮುಂದೆ ಕೂತು ಒಂದೇ ಸಮನೆ ಕುಂಯ್‌ಗುಡುತ್ತಿದ್ದ. ಒಳಗೆ ಬಿಟ್ಟರೆ ಮೂಟೆಯ ಮುಂದೆ ತಲೆ ಓರೆ ಮಾಡಿ ನಿಲ್ಲುತ್ತಿದ್ದ, ಒಂದು ಮುಂಗಾಲು ಎತ್ತಿ, ನಡುಗುತ್ತಾ. "ಈಗ ಅಕ್ಕಿ ಮೂಟೆಗೂ ಹೆದರಲು ಶುರು ಮಾಡಿದ್ದಾನೆ" ಅಂತ ನಾನು ಇವಳಿಗೆ ಬೇಜಾರಿನಿಂದ ಹೇಳಿದೆ. ಬೈದೆ ಕೂಡ, ಅಜ್ಜನ ಮಾತು ಮೀರಿ.

ಚೌತಿಯ ಹಿಂದಿನ ದಿನ ಸಂಜೆ ಮೂಟೆಯನ್ನು ತಬ್ಬಿಕೊಂಡು ಅಡುಗೆಮನೆಗೆ ಹೊತ್ತು ತಂದೆ. ಹಿಂದೆ ಹಿಂದೆಯೇ ಕೆಂಪ. ಶೆಡ್ಡಿನಿಂದ ಒಲೆಯವರೆಗೆ ನೆಲದ ಮೇಲೆ ಸಣ್ಣಗೆ ಅಕ್ಕಿಯ ಗೆರೆ ಬಿದ್ದಿದೆ. ಮೂಟೆಯ ಅಡಿಯಲ್ಲಿ ತೂತು. ನಾನು ನೋಡಲಿಲ್ಲ. ನನ್ನ ಎದೆಗೆ ಏನೋ ಒದ್ದ ಹಾಗಾಯಿತು. ವಯಸ್ಸು ನಲವತ್ತೈದು, ಭಾರ ಎತ್ತಿದ್ದೇನೆ, ಇದು ಹಾರ್ಟೇ ಇರಬೇಕು ಅಂತ ಗಾಬರಿಯಾಗಿ ಮೂಟೆಯನ್ನು ಧೊಪ್ಪನೆ ಒಲೆ ಮುಂದೆ ಇಳಿಸಿದೆ. ಮೂಟೆಯ ಅಡಿಯಿಂದ ಇಲಿ ಹೊರಗೆ ಬಂತು.

ನಾನು ಕುರ್ಚಿಯ ಮೇಲಿದ್ದೆ. ಹತ್ತಿದ್ದು ನೆನಪಿಲ್ಲ. ಇವಳು ನನಗಿಂತ ಮೊದಲೇ ಇನ್ನೊಂದು ಕುರ್ಚಿಯ ಮೇಲಿದ್ದಳು. ಕೆಂಪ ಬೊಗಳಲಿಲ್ಲ, ನನ್ನ ಮುಖ ನೋಡಲಿಲ್ಲ. ಕುತ್ತಿಗೆಯ ಹಿಂದೆ ಹಿಡಿದ, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊಡವಿದ, ನೆಲಕ್ಕೆ ಹಾಕಿದ. ಒಂದು ಸೆಕೆಂಡೂ ಇಲ್ಲ. ಮುದುಕಿ ಮಾಡುತ್ತಿದ್ದ ಹಾಗೇ, ಅದೇ ಎಡ, ಅದೇ ಬಲ. ಇಷ್ಟು ತಿಂಗಳು ಅವಳ ಬಾಲದ ಹಿಂದೆ ನಿಂತು ಇದನ್ನೇ ನೋಡಿಕೊಳ್ಳುತ್ತಿದ್ದನಾ?

ಆಮೇಲೆ ಇಲಿಯನ್ನು ಮೂಸಿ, ಅದು ಅಲ್ಲಾಡದಿದ್ದುದಕ್ಕೆ ಹೆದರಿ, ಮೇಜಿನ ಕೆಳಗೆ ಓಡಿ ಹೋದ.

"ಉತ್ತರಕುಮಾರ!" ಅಂತ ಇವಳು ಕುರ್ಚಿಯ ಮೇಲಿಂದಲೇ ಕೂಗಿದಳು. ಬರಲಿಲ್ಲ. ಚಪಾತಿ ಇರಲಿಲ್ಲ.

ಮಾರನೇ ದಿನ ಎದೆಯುಬ್ಬಿಸಿಕೊಂಡು ಅವನನ್ನು ಅಜ್ಜನ ಶೆಡ್ಡಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಒಂದು ಹುಂಜ ನಿಂತಿತ್ತು. ಕೆಂಪ ನನ್ನ ಕಾಲಿನ ಹಿಂದೆ ಬಂದು ನಿಂತ. ಅಜ್ಜ ನಕ್ಕರು. ಏನಂದರು ಅಂತ ಬರೆಯಬೇಕಾಗಿಲ್ಲ.

ಅಮ್ಮನಿಗೆ ಫೋನ್ ಮಾಡಿ ನಿನ್ನೆಯ ಕಥೆಯನ್ನು ಸ್ವಲ್ಪ ಬಣ್ಣ ಹಚ್ಚಿ ಹೇಳಿದೆ. ಕುರ್ಚಿಯ ವಿಷಯ ಬಿಟ್ಟೆ. ಆ ಕಡೆ ಸುಮಾರು ಹೊತ್ತು ಮಾತಿಲ್ಲ.

"ಚೌತಿ ಹಿಂದಿನ ದಿನವೇ ಗಣಪತಿ ವಾಹನ ಕೊಲ್ಲಿಸಿದ್ಯಾ?"

"ಅಮ್ಮಾ, ಅದು ಮೂಟೆ ಒಳಗೇ ಮನೆ ಮಾಡಿತ್ತು."

"ಹೋಗ್ಲಿ ಬಿಡು," ಅಂದರು. ಆಮೇಲೆ ದನಿ ತಗ್ಗಿಸಿ, "ಆ ಅಕ್ಕಿ ಎಂತ ಮಾಡಿದ್ಯೋ ಮಾಣಿ? ಚಕ್ಕುಲಿಗೆ ನೆನೆ ಹಾಕಿಲ್ಲ ತಾನೇ?"