ಹಾಸನದ ಕೈಗೆ ಹೊರೆ ಒಪ್ಪಿಸುತ್ತಿದ್ದ ರಾಕೆಟ್

2023ರ ಜುಲೈ 6, ಬೆಳಗಿನ ಜಾವ ಮೂರೂವರೆ. ಹೊರಗೆ ಜಿಟಿಜಿಟಿ ಮಳೆ. ದೀಪ ಹಾಕದೆ ಅಡುಗೆಮನೆಯ ಕಟ್ಟೆಯ ಮೇಲೆ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟುಕೊಂಡು ನಿಂತಿದ್ದೆ. ಪರದೆಯಲ್ಲಿ ಫ್ರೆಂಚ್ ಗಯಾನಾದ ಕೌರು ಉಡಾವಣಾ ಕೇಂದ್ರ. ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ ಏಳು ಗಂಟೆ. ಯುರೋಪಿನ ಏರಿಯಾನ್-5 ರಾಕೆಟ್ಟಿನ 117ನೆಯ ಹಾರಾಟ, ಅದೇ ಕೊನೆಯದು.

ಅದು ಜೂನ್ ತಿಂಗಳಲ್ಲೇ ಹಾರಬೇಕಿತ್ತು. ಮೇಲೇಳಲು ಬಲ ಕೊಡುವ ಬೂಸ್ಟರುಗಳನ್ನು ದಾರಿಯಲ್ಲಿ ಕಳಚುವ ಸಿಡಿಮದ್ದಿನ ಎಳೆಗಳ ಮೇಲೆ ಅನುಮಾನ ಬಂದು ನಿಲ್ಲಿಸಿದರು, ಅವನ್ನು ಬದಲಾಯಿಸಿದರು. ಆಮೇಲೆ ಗಾಳಿಗಾಗಿ ಇನ್ನೊಂದು ದಿನ ಕಾದರು. ಉಳಿದಿರುವುದು ಒಂದೇ ಹಾರಾಟ, ಹೇಗೋ ಸಾಗಿಸಿಬಿಡೋಣ ಎಂದು ಯಾರೂ ಅನ್ನಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಈ ಶ್ರದ್ಧೆಯೇ.

ಎಣಿಕೆ ಸೊನ್ನೆಗೆ ಇಳಿದ ಕೂಡಲೇ ಏರಿಯಾನ್-5 ನೆಲ ಬಿಡುವುದಿಲ್ಲ. ಮೊದಲು ನಡುವಿನ ವಲ್ಕೇನ್ ಎಂಜಿನ್ ಹೊತ್ತಿಕೊಳ್ಳುತ್ತದೆ. ಏಳು ಸೆಕೆಂಡು ಕಂಪ್ಯೂಟರ್ ಅದರ ನಾಡಿ ಹಿಡಿದು ನೋಡುತ್ತದೆ. ಏನಾದರೂ ಸರಿಯಿಲ್ಲದಿದ್ದರೆ ಆಗಲೇ ಆರಿಸಬಹುದು. ಎಲ್ಲವೂ ನೆಟ್ಟಗಿದ್ದರೆ ಮಾತ್ರ ಅಕ್ಕಪಕ್ಕದ ಎರಡು ಬೂಸ್ಟರುಗಳಿಗೆ ಕಿಡಿ. ಅವು ಹೊತ್ತಿದ ಮೇಲೆ ಆರಿಸುವ ಮಾತಿಲ್ಲ. ಸುಮಾರು 780 ಟನ್ ತೂಕ ಮೇಲೆದ್ದಾಗ, ನೀರು ಕುಡಿಯಲು ಬಂದ ಅವ್ವ ಹಿಂದೆಯೇ ನಿಂತು ನೋಡುತ್ತಿದ್ದರು.

"ಇಷ್ಟು ಹೊತ್ತಿನಲ್ಲಿ ಏನಪ್ಪಾ ಅದು?"

"ರಾಕೆಟ್ಟು ಅವ್ವ. ಇವತ್ತಿಗೆ ಇದರ ಕೆಲಸ ಮುಗಿಯಿತು."

"ನಮ್ಮದಾ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂದು ಅದು ಹೊತ್ತದ್ದು ಫ್ರಾನ್ಸಿನ ಒಂದು ಸೇನಾ ಉಪಗ್ರಹ ಮತ್ತು ಜರ್ಮನಿಯ ಒಂದು ಉಪಗ್ರಹ. ಹಾಸನಕ್ಕೆ ಬರಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ. ಆದರೆ ಅದಕ್ಕೂ ಹಿಂದಿನ ಎರಡು ದಶಕಗಳಲ್ಲಿ ಇದೇ ರಾಕೆಟ್ ಭಾರತದ ಹದಿನೈದಕ್ಕೂ ಹೆಚ್ಚು ಉಪಗ್ರಹಗಳನ್ನು ಒಯ್ದಿದೆ. 2000ದ ಮಾರ್ಚಿನಲ್ಲಿ ಇನ್ಸಾಟ್-3ಬಿಯಿಂದ ಶುರುವಾಗಿ 2022ರ ಜೂನ್‌ನಲ್ಲಿ ಜಿಸ್ಯಾಟ್-24ರವರೆಗೆ. ಪ್ರತಿ ಸಲವೂ ರಾಕೆಟ್ಟು ತನ್ನ ಹೊರೆ ಬಿಟ್ಟ ಮರುಗಳಿಗೆಯಿಂದ ಅದನ್ನು ಕೈಗೆ ತೆಗೆದುಕೊಂಡದ್ದು ಸಾಲಗಾಮೆ ರಸ್ತೆಯ ನಮ್ಮ ಎಂಸಿಎಫ್, ಅಂದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಕೌರುವಿನಲ್ಲಿ ಚಪ್ಪಾಳೆ ಬೀಳುವ ಹೊತ್ತಿಗೆ ಹಾಸನದಲ್ಲಿ ಕೆಲಸ ಆರಂಭ.

ರಾಕೆಟ್ ಉಪಗ್ರಹವನ್ನು ಅದರ ಮನೆಬಾಗಿಲಿಗೇ ಮುಟ್ಟಿಸುವುದಿಲ್ಲ, ಊರ ಹೆಬ್ಬಾಗಿಲಲ್ಲಿ ಇಳಿಸಿ ಹೋಗುತ್ತದೆ. ಒಂದು ತುದಿ ಭೂಮಿಗೆ ಕೆಲವೇ ನೂರು ಕಿಲೋಮೀಟರ್ ಹತ್ತಿರ, ಇನ್ನೊಂದು ತುದಿ ಸುಮಾರು 36,000 ಕಿಲೋಮೀಟರ್ ದೂರ ಇರುವ ಉದ್ದನೆಯ ಮೊಟ್ಟೆಯಾಕಾರದ ದಾರಿ ಅದು. ಅಲ್ಲಿಂದ ಮುಂದೆ ಹಾಸನದ ಆಜ್ಞೆಯಂತೆ ಉಪಗ್ರಹ ತನ್ನದೇ ಎಂಜಿನ್ ಉರಿಸಿ, ದಿನಗಟ್ಟಲೆ ಹಂತಹಂತವಾಗಿ ಆ ದಾರಿಯನ್ನು ದುಂಡಗೆ ಮಾಡಿಕೊಳ್ಳಬೇಕು. ಮುಂದಿನ ಹತ್ತು ಹದಿನೈದು ವರ್ಷ ತನ್ನ ಜಾಗ ಬಿಟ್ಟು ಸರಿಯದಂತೆ ನಿಲ್ಲುವುದಕ್ಕೂ ಅದೇ ಇಂಧನ. ರಾಕೆಟ್ ಗುರಿ ತಪ್ಪಿ ಇಳಿಸಿದರೆ ಆ ತಪ್ಪನ್ನು ತಿದ್ದಲು ಉಪಗ್ರಹ ತನ್ನ ಆಯುಸ್ಸನ್ನೇ ಸುಡಬೇಕಾಗುತ್ತದೆ. ಹಾಗಾಗಿ ರಾಕೆಟ್ಟಿನ ಯೋಗ್ಯತೆ ಕೊನೆಗೆ ಗೊತ್ತಾಗುವುದು ಉಪಗ್ರಹವನ್ನು ಇಳಿಸಿಕೊಂಡವರಿಗೆ.

ಇದನ್ನು ನನಗೆ ಹೇಳಿಕೊಟ್ಟದ್ದು ಪಕ್ಕದ ಮನೆಯ ಅಣ್ಣ. ಅಲ್ಲೇ ಪಾಳಿಯ ಕೆಲಸ ಮಾಡಿ ನಿವೃತ್ತರಾದವರು. 2018ರ ಮಾರ್ಚ್ ಕೊನೆಯಲ್ಲಿ, ಶ್ರೀಹರಿಕೋಟಾದಿಂದ ಸರಿಯಾಗಿಯೇ ಹಾರಿದ್ದ ಜಿಸ್ಯಾಟ್-6ಎ ಕಕ್ಷೆ ಏರಿಸುವ ನಡುವೆ ಮಾತು ನಿಲ್ಲಿಸಿತು. ಆ ವಾರ ಅವರು ಗೇಟಿನ ಬಳಿ ಎದುರಾದರೂ ತಲೆ ಎತ್ತುತ್ತಿರಲಿಲ್ಲ. ಅದೇ ಭಯಕ್ಕೆ, ಆಗಲೇ ಕೌರು ತಲುಪಿದ್ದ 5,854 ಕಿಲೋ ತೂಕದ ಜಿಸ್ಯಾಟ್-11 ಅನ್ನು ಮತ್ತೆ ಪರೀಕ್ಷಿಸಲು ವಾಪಸ್ ತರಿಸಿದರು. ಡಿಸೆಂಬರ್ 5ರ ನಡುರಾತ್ರಿ ಎರಡು ಗಂಟೆ ದಾಟಿದ ಮೇಲೆ ಏರಿಯಾನ್-5 ಅದನ್ನು ಎತ್ತಿತು. ಅರ್ಧ ಗಂಟೆಯಲ್ಲಿ ಹೊರೆ ಹಾಸನದ ಕೈಗೆ ಬಂತು. ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ಸಿಕ್ಕ ಅಣ್ಣ, "ಚೆನ್ನಾಗಿ ತಂದು ಬಿಟ್ಟ ಮೇಷ್ಟ್ರೇ" ಎಂದರು. ಕಾಳು ಮೂಟೆಯನ್ನು ಒಂದು ಕಾಳೂ ಚೆಲ್ಲದೆ ತಂದ ಗಾಡಿಯವನನ್ನು ಹೊಗಳುವ ದನಿ ಅದು.

ಸಕಲೇಶಪುರದ ಕಡೆ ತೋಟ ಇರುವ ನನ್ನ ಭಾವ ಮಾರ್ಚ್ ಬಂತೆಂದರೆ ಹೂಮಳೆಗಾಗಿ ಮೊಬೈಲಿನಲ್ಲಿ ಮೋಡದ ಚಿತ್ರ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ. ಅಂಥ ಚಿತ್ರಗಳನ್ನು ವರ್ಷಗಟ್ಟಲೆ ಕಳಿಸಿದ ಇನ್ಸಾಟ್-3ಡಿಯನ್ನು 2013ರ ಜುಲೈನಲ್ಲಿ ಮೇಲಕ್ಕೆ ಒಯ್ದದ್ದೂ ಇದೇ ರಾಕೆಟ್. ಅವ್ವನ ಪ್ರಶ್ನೆಗೆ ಭಾವನ ಮೊಬೈಲನ್ನೇ ತೋರಿಸಬಹುದಿತ್ತು.

ಇದರ ಮೊದಲ ಹಾರಾಟದ ಕಥೆಯನ್ನು ನಾನು ಪ್ರತಿ ವರ್ಷ ಹತ್ತನೇ ತರಗತಿಗೆ ಹೇಳುತ್ತೇನೆ. 1996ರ ಜೂನ್ 4. ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ತಂತ್ರಾಂಶವನ್ನು ಹಾಗೆಯೇ ಹೊಸ ರಾಕೆಟ್ಟಿಗೆ ಹಾಕಿದ್ದರು. ಹೊಸದರ ವೇಗ ಹೆಚ್ಚು. ಅಡ್ಡ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 32,767ಕ್ಕಿಂತ ದೊಡ್ಡದು ಹಿಡಿಸದ ಮನೆಯೊಳಗೆ ತುರುಕಲು ಹೋಗಿ ಕಂಪ್ಯೂಟರ್ ಕೈಚೆಲ್ಲಿತು. ಸೇರಿನೊಳಗೆ ಪಲ್ಲ ಸುರಿದಂತೆ. ಆಪತ್ತಿಗೆಂದು ಇಟ್ಟಿದ್ದ ಇನ್ನೊಂದು ಕಂಪ್ಯೂಟರಿನಲ್ಲೂ ಅದೇ ತಂತ್ರಾಂಶ, ಅದೂ ಮಲಗಿತು. ಸುಮಾರು 40 ಸೆಕೆಂಡಿಗೆ ರಾಕೆಟ್ಟು ನಾಲ್ಕು ಉಪಗ್ರಹಗಳ ಸಮೇತ ಚೂರಾಯಿತು. ಹಾಗೆ ಬಿದ್ದ ರಾಕೆಟ್ಟೇ 2021ರ ಕ್ರಿಸ್‌ಮಸ್ ದಿನ ಜೇಮ್ಸ್ ವೆಬ್ ದೂರದರ್ಶಕವನ್ನು ಎಷ್ಟು ಕರಾರುವಾಕ್ಕಾಗಿ ದಾರಿಗೆ ಹಚ್ಚಿತೆಂದರೆ, ಉಳಿದ ಇಂಧನದಿಂದ ಹತ್ತು ವರ್ಷದ ಗುರಿ ಇಪ್ಪತ್ತಕ್ಕೂ ಹೆಚ್ಚಿಗೆ ಹಿಗ್ಗಿತು. ಈ ಎರಡನೆಯ ಭಾಗ ಹೇಳುವಾಗ ಇಷ್ಟು ವರ್ಷವಾದರೂ ನನ್ನ ಗಂಟಲು ಕಟ್ಟುತ್ತದೆ.

ಇಷ್ಟು ಮೆಚ್ಚಿದವನಿಗೆ ಒಂದು ತಕರಾರೂ ಇದೆ. ಹೊಸ ಎತ್ತು ನೊಗಕ್ಕೆ ಪಳಗುವ ಮೊದಲು ಹಳೆಯದನ್ನು ಕೊಟ್ಟಿಗೆಯಿಂದ ಬಿಚ್ಚಬಾರದು ಎಂಬುದು ನಮ್ಮ ಕಡೆಯ ಯಾವ ರೈತನಿಗೂ ಗೊತ್ತು. ಏರಿಯಾನ್-6 ಮೊದಲ ಸಲ ಹಾರಿದ್ದು 2024ರ ಜುಲೈ 9ರಂದು. ನಡುವಿನ ಒಂದು ವರ್ಷ ಯುರೋಪಿನ ಬಳಿ ಭಾರ ಎತ್ತುವ ಸ್ವಂತ ರಾಕೆಟ್ ಇರಲಿಲ್ಲ. ಉಕ್ರೇನ್ ಯುದ್ಧದಿಂದ ರಷ್ಯಾದ ಸೋಯುಜ್ ಕೂಡ ಕೈತಪ್ಪಿತ್ತು. ಸೋಯುಜ್‌ನಲ್ಲಿ ಹೋಗಬೇಕಿದ್ದ ತಮ್ಮದೇ ಯೂಕ್ಲಿಡ್ ದೂರದರ್ಶಕವನ್ನು ಅಮೆರಿಕದ ಫಾಲ್ಕನ್-9ರಲ್ಲಿ ಕಳಿಸಬೇಕಾಯಿತು. ನಮ್ಮ 4,700 ಕಿಲೋ ತೂಕದ ಜಿಸ್ಯಾಟ್-ಎನ್2 ಕೂಡ 2024ರ ನವೆಂಬರಿನಲ್ಲಿ ಅದೇ ಫಾಲ್ಕನ್ ಏರಿತು. ಮರುವರ್ಷ ನವೆಂಬರ್ 2ರಂದು ನಮ್ಮದೇ ಎಲ್‌ವಿಎಂ-3 ಶ್ರೀಹರಿಕೋಟಾದಿಂದ 4,410 ಕಿಲೋದ ಸಿಎಂಎಸ್-03 ಅನ್ನು ಎತ್ತಿದಾಗ ನಾನು ಅಣ್ಣನ ಮನೆಗೆ ಓಡಿದ್ದೆ. ಇನ್ನೂ ದೊಡ್ಡದಾದ ಮುಂದಿನ ತಲೆಮಾರಿನ ರಾಕೆಟ್ಟಿಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 8,240 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದು ಬಂದು ನಾಲ್ಕಾರು ಸಲ ಹಾರಿ ತೋರಿಸುವವರೆಗೂ ಎಲ್‌ವಿಎಂ-3ರ ನೊಗ ಇಳಿಸಬೇಡಿ. ಇದು ನನ್ನ ಬೇಡಿಕೆ.

ಹಾಸನದವರಲ್ಲಿ ಇನ್ನೊಂದು ಬೇಡಿಕೆ. ಏರಿಯಾನ್-5 ಹಾರಿದ್ದನ್ನು ಕೌರುವಿನವರು ಬರೆದಿಟ್ಟಿದ್ದಾರೆ. ಅದು ಇಳಿಸಿದ್ದನ್ನು ಇಲ್ಲಿ ಕಾದು ಕುಳಿತು ಹಿಡಿದವರ ರಾತ್ರಿಗಳನ್ನು ಕನ್ನಡದಲ್ಲಿ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಥ ಪಾಳಿಯಲ್ಲಿ ಕುಳಿತಿದ್ದ ಅಪ್ಪ, ಚಿಕ್ಕಪ್ಪ, ಅತ್ತೆ ನಿಮ್ಮ ಮನೆಯಲ್ಲಿದ್ದರೆ ಈ ಭಾನುವಾರ ಒಂದು ಗಂಟೆ ಅವರ ಎದುರು ಕುಳಿತು ಕೇಳಿ: ಮೊದಲ ಸಂಕೇತ ಬಂದಾಗ ಕೋಣೆಯಲ್ಲಿ ಯಾರು ಯಾರಿದ್ದರು, ಬರುವುದು ತಡವಾದಾಗ ಏನು ಮಾಡಿದರು. ನಾನು ಪಕ್ಕದ ಮನೆಯ ಅಣ್ಣನಿಂದ ಶುರುಮಾಡಿದ್ದೇನೆ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆಗಲೇ ನಲವತ್ತು ಪುಟ ತುಂಬಿದೆ.